ಒಂದೇ ಅಮ್ಮ, ಎರಡು ಫಾರ್ಮು: ನಾನು ಹಾಕಿದ್ದು 3, ಅಕ್ಕ ಹಾಕಿದ್ದು 8

ಕಿರಿಮಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಅಮ್ಮನಿಗೆ ಈಗ 74. ಒಬ್ಬಳೇ ಇದ್ದಾಳೆ. ನಮ್ಮ ಮನೆ ಅಲ್ಲಿಂದ ಹತ್ತು ನಿಮಿಷ. ದಿನಾ ಸಂಜೆ ಕೆಲಸ ಮುಗಿಸಿ ಹೋಗಿ ನೋಡಿಕೊಂಡು ಬರುತ್ತೇನೆ. ಅಕ್ಕ ದೂರದಲ್ಲಿದ್ದಾಳೆ, ಬೆಳಗ್ಗೆ ಹತ್ತಕ್ಕೆ ತಪ್ಪದೆ ಫೋನ್ ಮಾಡುತ್ತಾಳೆ. ಒಂದೂವರೆ ವರ್ಷದಿಂದ ಅಮ್ಮನಿಗೆ ಮರೆವು ಜಾಸ್ತಿಯಾಗಿದೆ. ಹೋದ ವಾರ ನೆನಪಿನ ಪರೀಕ್ಷೆ ಆಯ್ತು. ಇವತ್ತು ಯಾವ ವಾರ, ಈ ಮೂರು ಪದ ನೆನಪಿಟ್ಟುಕೊಳ್ಳಿ, 100ರಿಂದ ಏಳೇಳು ಕಳೆಯುತ್ತಾ ಬನ್ನಿ, ಆ ಥರದ್ದು. 30ಕ್ಕೆ 26 ಬಂತು. ಸದ್ಯ, ಗೆದ್ದೆವು ಅಂದುಕೊಂಡೆ. ಡಾಕ್ಟರ್ ಮುಖದಲ್ಲಿ ಮಾತ್ರ ಅಂಥ ಖುಷಿ ಇರಲಿಲ್ಲ. ಎರಡು ಹಾಳೆ ಕೊಟ್ಟು, ಮನೆಯಲ್ಲಿ ಏನೇನು ಮಾಡುತ್ತಾರೆ, ಏನು ಆಗುವುದಿಲ್ಲ ಅಂತ ತುಂಬಿಕೊಂಡು ಬನ್ನಿ ಅಂದರು.

ಮೊದಲ ಹಾಳೆ ಸುಲಭ. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಊಟ ಮಾಡುವುದು, ಹಾಸಿಗೆಯಿಂದ ಏಳುವುದು, ಶೌಚ, ಅದರ ಮೇಲಿನ ಹಿಡಿತ. ಆರಕ್ಕೆ ಆರು, ಅದರಲ್ಲಿ ಜಗಳ ಇಲ್ಲ. ಎರಡನೆಯದರಲ್ಲಿ ಎಂಟು ಕೆಲಸ: ಫೋನ್, ಸಾಮಾನು ತರುವುದು, ಅಡುಗೆ, ಮನೆ ಕೆಲಸ, ಬಟ್ಟೆ ಒಗೆಯುವುದು, ಓಡಾಟ, ಮಾತ್ರೆ, ಹಣದ ವ್ಯವಹಾರ. ನಾನು ಫೋನ್, ಅಡುಗೆ, ಮನೆ ಕೆಲಸಕ್ಕೆ ಮಾತ್ರ ಒಂದೊಂದು ಅಂಕ ಕೊಟ್ಟೆ. ಬಟ್ಟೆ ರಾಶಿ ಬಿದ್ದಿರುತ್ತದೆ, ಬಿಲ್ ಕಟ್ಟಿರುವುದಿಲ್ಲ, ಮಾತ್ರೆ ಡಬ್ಬಿ ವಾರಕ್ಕೊಮ್ಮೆ ತುಂಬಿಡುವವನು ನಾನು. ಅಕ್ಕ ಎಂಟಕ್ಕೆ ಎಂಟು ಹಾಕಿ ಕಳಿಸಿದ್ದಾಳೆ. "ನೀನು ಅಮ್ಮನನ್ನು ರೋಗಿ ಮಾಡಿಬಿಡ್ತಿದ್ದೀಯ" ಅಂತ ಬೈದಳು. ಅಮ್ಮನನ್ನೇ ಕೇಳಿದೆ. "ಎಲ್ಲಾ ನಾನೇ ಮಾಡ್ತೀನಲ್ಲ" ಅಂದಳು.

ಯಾರದ್ದು ಸರಿ? ಯಾವುದನ್ನು ಕೊಡಲಿ?

ಲೆಕ್ಕದ ಮೇಷ್ಟ್ರು

ಆ ಪರೀಕ್ಷೆಯಲ್ಲಿ 24ರ ಮೇಲೆ ಬಂದರೆ ಸರಿ ಅಂತಲೇ ಹೆಚ್ಚಿನ ಕಡೆ ಹಿಡಿಯುತ್ತಾರೆ. ನಿಮ್ಮ ಅಮ್ಮ ಪಾಸು. ಫಾರ್ಮಿಗೆ ಮೂರು ಮತ್ತು ಎಂಟರ ಸರಾಸರಿ ಐದೂವರೆ ಬರೆದುಕೊಡಿ, ಮುಗೀತು.

ಕೈಕೆಲಸ

ಮೇಷ್ಟ್ರೇ, ಸರಾಸರಿ ಬೇಡ. 😀 ನಾನು ಆಕ್ಯುಪೇಷನಲ್ ಥೆರಪಿಸ್ಟ್. ಹಿರಿಯರ ದಿನನಿತ್ಯದ ಕೆಲಸ ನೋಡುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ 26ರ ಬಗ್ಗೆ. ಅದು 1975ರಲ್ಲಿ ಬಂದ ಎಂಎಂಎಸ್‌ಇ ಇರಬೇಕು. ಚೆನ್ನಾಗಿ ಓದಿದವರಿಗೆ ಅದು ಬಹಳ ಸಲೀಸು. ಮಿದುಳಿನಲ್ಲಿ ತೊಂದರೆ ಶುರುವಾಗಿದ್ದರೂ ಅವರು ಇಪ್ಪತ್ತಾರು, ಇಪ್ಪತ್ತೆಂಟು ತೆಗೆಯುತ್ತಾರೆ. ಓದು ಕಡಿಮೆ ಇದ್ದವರಿಗೆ ಏನೂ ತೊಂದರೆ ಇಲ್ಲದಿದ್ದರೂ ಅಂಕ ಕಡಿಮೆ ಬರಬಹುದು. ಇನ್ನೊಂದು ವಿಷಯ. ಪರೀಕ್ಷೆ ನಡೆಯುವುದು ಸದ್ದಿಲ್ಲದ ಕೋಣೆಯಲ್ಲಿ. ಎದುರಿಗೆ ಒಬ್ಬರು ಕೂತು ಒಂದೊಂದೇ ಪ್ರಶ್ನೆ ಕೇಳುತ್ತಾರೆ. ಯಾವಾಗ ಶುರು ಮಾಡಬೇಕು, ಮುಂದೇನು, ಎಲ್ಲ ಅವರೇ ಹೇಳುತ್ತಾರೆ. ಮನೆಯಲ್ಲಿ ಹಾಗೆ ಹೇಳುವವರು ಯಾರಿದ್ದಾರೆ? ಎಷ್ಟೋ ಜನ ಅಲ್ಲೇ ಮುಗ್ಗರಿಸುವುದು.

ಡಾಕ್ಟರ್ ಫಾರ್ಮು ಕೊಟ್ಟಿದ್ದು ಸುಮ್ನೆ ಅಲ್ಲ. ಮರೆವು ಇದೆ, ಪರೀಕ್ಷೆಯಲ್ಲೂ ಸ್ವಲ್ಪ ಕಾಣುತ್ತಿದೆ, ಆದರೆ ದಿನದ ಬದುಕು ಸ್ವಂತವಾಗಿ ನಡೆಯುತ್ತಿದೆ ಅಂದರೆ ಅದಕ್ಕೊಂದು ಹೆಸರು (ಎಂಸಿಐ, ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್, ಅಂದರೆ ನೆನಪು-ಯೋಚನೆಯಲ್ಲಿ ಸಣ್ಣ ಕುಂದು). ಸ್ವಂತವಾಗಿ ನಡೆಯುತ್ತಿಲ್ಲ ಅಂದರೆ ಡಿಮೆನ್ಷಿಯಾ. ಮಾನಸಿಕ ಕಾಯಿಲೆ ಗುರುತಿಸಲು ಡಾಕ್ಟರುಗಳು ಬಳಸುವ ಕೈಪಿಡಿ, 2013ರ ಡಿಎಸ್‌ಎಂ-5 ಕೂಡ ಗೆರೆ ಎಳೆಯುವುದು ಇಲ್ಲೇ. ಅಂದರೆ ನೀವೂ ನಿಮ್ಮ ಅಕ್ಕನೂ ಕಿತ್ತಾಡುತ್ತಿರುವುದು ಸಣ್ಣ ವಿಷಯಕ್ಕಲ್ಲ.

ಈಗ ನಿಮ್ಮ ಹಾಳೆಗಳು. ಮೊದಲನೆಯದು 1963ರ ಕಾಟ್ಜ್ ಪಟ್ಟಿ, ಎರಡನೆಯದು 1969ರ ಲಾಟನ್-ಬ್ರಾಡಿ. ಮರೆವಿನ ಕಾಯಿಲೆಯಲ್ಲಿ ಮೊದಲು ಪೆಟ್ಟು ಬೀಳುವುದು ಎರಡನೆಯ ಪಟ್ಟಿಗೆ, ಅದರಲ್ಲೂ ಹಣ ಮತ್ತು ಮಾತ್ರೆಗೆ. ಸ್ನಾನ, ಬಟ್ಟೆ ಆಮೇಲೆ. ಕೈಯಾರೆ ತಿನ್ನುವುದು ಸಾಮಾನ್ಯವಾಗಿ ಕೊನೆಯವರೆಗೆ ಉಳಿಯುತ್ತದೆ. ಮೊದಲ ಹಾಳೆಯಲ್ಲಿ ಆರಕ್ಕೆ ಆರು ಬಂತು ಅಂತ ನಿಶ್ಚಿಂತೆ ಆಗುವ ಹಾಗಿಲ್ಲ.

ಇನ್ನು ಜಗಳಕ್ಕೆ ಬರೋಣ. ಫಾರ್ಮಿನ ಸಾಲುಗಳನ್ನು ಇಬ್ಬರೂ ಪೂರ್ತಿ ಓದಿಲ್ಲ ಅನ್ನಿಸುತ್ತದೆ. ಮಾತ್ರೆಯ ಸಾಲು ನೋಡಿ. ಸರಿಯಾದ ಮಾತ್ರೆ, ಸರಿಯಾದ ಹೊತ್ತಿಗೆ, ತಾವೇ ತೆಗೆದುಕೊಂಡರೆ 1. ಬೇರೆಯವರು ಮೊದಲೇ ವಿಂಗಡಿಸಿ ಇಟ್ಟಿದ್ದನ್ನು ತೆಗೆದುಕೊಂಡರೆ 0. ನೀವು ಡಬ್ಬಿ ತುಂಬುತ್ತೀರಿ, ಹಾಗಾಗಿ ಅದು ಸೊನ್ನೆಯೇ. ಫೋನಿನ ಸಾಲು ಇದಕ್ಕೆ ಪೂರಾ ಉಲ್ಟಾ. ಬಂದ ಕರೆ ಎತ್ತಿ ಮಾತಾಡಿದರೆ ಸಾಕು, ತಾವಾಗಿ ಮಾಡಲು ಬಾರದಿದ್ದರೂ 1 ಸಿಗುತ್ತದೆ. ಒಂದು ಕಡೆ ಧಾರಾಳ, ಒಂದು ಕಡೆ ಬಿಗಿ. ಅದಕ್ಕೇ ನಾನು ಒಟ್ಟು ಮೊತ್ತವನ್ನು ಅಷ್ಟಾಗಿ ನಂಬುವುದಿಲ್ಲ. ಪ್ರತಿ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಹೀಗೆ ಬರೆದುಕೊಳ್ಳಿ: ತಾವಾಗಿ ಮಾಡ್ತಾರಾ? ನೆನಪಿಸಿದರೆ ಮಾಡ್ತಾರಾ? ಪಕ್ಕದಲ್ಲಿ ನಿಂತು ಹಂತ ಹಂತವಾಗಿ ಹೇಳಬೇಕಾ? ಕೈ ಹಿಡಿದು ಮಾಡಿಸಬೇಕಾ? "ಮಾಡಬಲ್ಲರು" ಅನ್ನುವುದು ಬೇರೆ, "ಮಾಡುತ್ತಿದ್ದಾರೆ" ಅನ್ನುವುದು ಬೇರೆ. ಅಕ್ಕ ಮೊದಲನೆಯದಕ್ಕೆ ಉತ್ತರ ಬರೆದಿದ್ದಾರೆ, ನೀವು ಎರಡನೆಯದಕ್ಕೆ.

ದೂರದ ಮಗಳು

ನಿಮ್ಮ ಅಕ್ಕನ ಪರವಾಗಿ ಎರಡು ಮಾತು. ನಾನೂ ಆ ಅಕ್ಕನೇ ಆಗಿದ್ದೆ.

ಫೋನಿನಲ್ಲಿ ನಮ್ಮಪ್ಪ ಬಂಗಾರ. ನಗುತ್ತಾರೆ, ಹಳೇ ಕಥೆ ಹೇಳುತ್ತಾರೆ, ಮಕ್ಕಳ ಓದು ವಿಚಾರಿಸುತ್ತಾರೆ. ಏನಾದರೂ ಮರೆತರೆ "ಅಯ್ಯೋ ಅದೆಲ್ಲ ಇದ್ದದ್ದೇ ಬಿಡು" ಅಂತ ತೇಲಿಸಿಬಿಡುತ್ತಾರೆ. ತಮ್ಮ ಹೇಳಿದ್ದನ್ನೆಲ್ಲ ನಾನು ಅತಿ ಮಾಡ್ತಿದ್ದಾನೆ ಅಂದುಕೊಳ್ಳುತ್ತಿದ್ದೆ. ಆಮೇಲೆ ಹತ್ತು ದಿನ ಹೋಗಿ ಜೊತೆಗಿದ್ದೆ. ಮೂರನೆಯ ದಿನ ಕಪಾಟಿನಲ್ಲಿ ಒಂದೇ ಮಾತ್ರೆಯ ಏಳು ಹೊಸ ಪಟ್ಟಿ ಸಿಕ್ಕಿತು. ತರುವುದು ನೆನಪಿತ್ತು, ತಂದದ್ದು ನೆನಪಿರಲಿಲ್ಲ, ನುಂಗುವುದಂತೂ ಇಲ್ಲವೇ ಇಲ್ಲ. ಅವತ್ತು ರಾತ್ರಿ ತಮ್ಮನಿಗೆ ಫೋನ್ ಮಾಡಿ ಅತ್ತೆ.

ಅಕ್ಕನಿಗೆ ಬಂದು ಇರಲು ಹೇಳಿ. ವಾದ ಮಾಡಬೇಡಿ.

ನೀಲಿ ಛತ್ರಿ

ನಾನು ಮಾಡಿದ್ದು ಇದರ ಉಲ್ಟಾ ತಪ್ಪು. ಅದನ್ನೂ ಯಾರಾದರೂ ಹೇಳಬೇಕಲ್ಲ.

ಯಜಮಾನರಿಗೆ ಆರು ವರ್ಷದಿಂದ ಡಿಮೆನ್ಷಿಯಾ. ಎರಡನೇ ವರ್ಷ ಇಂಥದ್ದೇ ಫಾರ್ಮು ಕೊಟ್ಟರು. ಆ ವಾರ ನಾನು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಕೋಪದಲ್ಲೇ ತುಂಬಿದೆ ಅಂತ ಈಗ ಅನ್ನಿಸುತ್ತದೆ. ಆಗಲ್ಲ, ಆಗಲ್ಲ, ಆಗಲ್ಲ. ಬಟ್ಟೆ ಹಾಕಿಕೊಳ್ಳುವುದಕ್ಕೂ "ಆಗಲ್ಲ". ಆಮೇಲೆ ಮನೆಗೆ ಒಬ್ಬರು ಥೆರಪಿಸ್ಟ್ ಬಂದರು. ನನ್ನನ್ನು ಬಾಗಿಲ ಹತ್ತಿರ ಕೂರಿಸಿ, "ಹತ್ತು ನಿಮಿಷ ಬಾಯಿ ಬಿಡಬೇಡಿ, ಕೈ ಚಾಚಬೇಡಿ" ಅಂದರು. ಅಂಗಿ, ಪ್ಯಾಂಟು ಎರಡನ್ನೇ ಹಾಸಿಗೆಯ ಮೇಲೆ ಇಟ್ಟರು. ಇವರು ನೋಡಿದರು. ತಡವಿದರು. ಅಂಗಿಗೆ ಕೈ ತೂರಿಸಿದರು. ಗುಂಡಿ ಹಾಕಲು ನಾಲ್ಕು ನಿಮಿಷ ಬೇಕಾಯಿತು. ಹಾಕಿದರು!

ದಿನಾ ಬೆಳಗ್ಗೆ ಆತುರದಲ್ಲಿ ನಾನೇ ಹಾಕಿಬಿಡುತ್ತಿದ್ದೆ. ಅವರಿಗೆ ಆಗುತ್ತದೋ ಇಲ್ಲವೋ ನೋಡಲು ನನಗೆ ಪುರುಸೊತ್ತೇ ಇರಲಿಲ್ಲ. ತುಂಬಿದ ಕಪಾಟು ತೆರೆದು ನಿಲ್ಲಿಸಿದರೆ ಅವರಿಗೆ ಈಗಲೂ ಆಗುವುದಿಲ್ಲ, ಅದೂ ನಿಜ.

ಕೈಕೆಲಸ

ನೀಲಿ ಛತ್ರಿಯವರು ಹೇಳಿದ್ದು ಎಲ್ಲ ಕಡೆ ಕಾಣುವ ವಿಷಯ. ನೋಡಿಕೊಳ್ಳುವವರು ದಣಿದಷ್ಟೂ, ಖಿನ್ನರಾದಷ್ಟೂ ಫಾರ್ಮಿನಲ್ಲಿ ಸೊನ್ನೆ ಜಾಸ್ತಿ. ದೂರ ಇರುವವರ ಫಾರ್ಮಿನಲ್ಲಿ ಅಂಕ ಜಾಸ್ತಿ. ಕಾಯಿಲೆಯವರನ್ನೇ ಕೇಳಿದರೆ ಎಲ್ಲಕ್ಕಿಂತ ಜಾಸ್ತಿ. ಅವರು ಸುಳ್ಳು ಹೇಳುವುದಲ್ಲ. ತಮಗೆ ಆಗುತ್ತಿಲ್ಲ ಅನ್ನುವ ಅರಿವೇ ಮಿದುಳಿನಲ್ಲಿ ಮಸುಕಾಗಿರಬಹುದು. ಅದಕ್ಕೇ ಕೇಳುವುದರ ಜೊತೆ ಮಾಡಿಸಿ ನೋಡುವ ಪರೀಕ್ಷೆಗಳೂ ಇವೆ. ಎದುರಿಗೇ ಅಡುಗೆ ಮಾಡಿಸುತ್ತೇವೆ, ಬಿಲ್ ಕೊಟ್ಟು ಕಟ್ಟಿಸುತ್ತೇವೆ, ಮಾತ್ರೆ ವಿಂಗಡಿಸಲು ಹೇಳುತ್ತೇವೆ. ಎಲ್ಲಿ ತಡೆದರು, ಎಷ್ಟು ಸುಳಿವು ಕೊಡಬೇಕಾಯಿತು ಅಂತ ಗುರುತು ಹಾಕಿಕೊಳ್ಳುತ್ತೇವೆ.

ಲೆಕ್ಕದ ಮೇಷ್ಟ್ರು

ಒಪ್ಪಿದೆ, ಸರಾಸರಿ ವಾಪಸ್. ಆದರೆ ಒಂದು ಅನುಮಾನ. ನಮ್ಮಪ್ಪ ಜೀವಮಾನದಲ್ಲಿ ಒಂದು ದಿನವೂ ಒಲೆ ಹಚ್ಚಿದವರಲ್ಲ. ಬಟ್ಟೆ ಒಗೆದವರಲ್ಲ. ಈ ಫಾರ್ಮಿನ ಪ್ರಕಾರ ಅವರು ಮದುವೆಯಾದಾಗಿನಿಂದಲೇ ಡಿಮೆನ್ಷಿಯಾ ರೋಗಿ, ಅಲ್ವಾ?

ನೀಲಿ ಛತ್ರಿ

ನಿಮ್ಮ ತಾಯಿಯವರನ್ನು ಕೇಳಿ, ಹೌದು ಅನ್ನಬಹುದು.

ಕೈಕೆಲಸ

😂 ಈ ಅನುಮಾನ ಆ ಕಾಲದಲ್ಲೇ ಬಂದಿತ್ತು. ಅದಕ್ಕೇ ಗಂಡಸರಿಗೆ ಅಡುಗೆ, ಮನೆ ಕೆಲಸ, ಬಟ್ಟೆ ಮೂರನ್ನೂ ಬಿಟ್ಟು ಐದೇ ಅಂಕಕ್ಕೆ ಲೆಕ್ಕ ಹಾಕುತ್ತಿದ್ದರು. ಈಗ ಹೆಚ್ಚಿನವರು ಎಲ್ಲರಿಗೂ ಎಂಟನ್ನೇ ಕೇಳಿ, ಮೊದಲಿನಿಂದ ಮಾಡದಿದ್ದರೆ ಅದನ್ನು ಬೇರೆಯಾಗಿ ಬರೆದುಕೊಳ್ಳುತ್ತಾರೆ. 1982ರಲ್ಲಿ ಬಂದ ಎಫ್‌ಎಕ್ಯೂ ಅನ್ನುವ ಹತ್ತು ಪ್ರಶ್ನೆಗಳ ಫಾರ್ಮು ಇದನ್ನು ಚೆನ್ನಾಗಿ ಬಿಡಿಸಿದೆ. "ಯಾವತ್ತೂ ಮಾಡಿಲ್ಲ, ಆದರೆ ಈಗ ಹೇಳಿದರೆ ಮಾಡಬಲ್ಲರು" ಅಂದರೆ 0. "ಯಾವತ್ತೂ ಮಾಡಿಲ್ಲ, ಈಗ ಮಾಡಲು ಹೋದರೆ ಕಷ್ಟ" ಅಂದರೆ 1. ಅಲ್ಲಿ ಅಂಕ ಹೆಚ್ಚಾದಷ್ಟೂ ತೊಂದರೆ ಹೆಚ್ಚು, ಗಮನಿಸಿ. ಒಟ್ಟು 30, ಒಂಬತ್ತು ದಾಟಿದರೆ ಎಚ್ಚರ.

ಅಳೆಯಬೇಕಾದದ್ದು ಪಕ್ಕದ ಮನೆಯವರ ಎದುರು ನಿಲ್ಲಿಸಿ ಅಲ್ಲ, ಆ ಮನುಷ್ಯ ಮೊದಲು ಹೇಗಿದ್ದರು ಅನ್ನುವುದರ ಎದುರು. ಐಕ್ಯೂಕೋಡ್ ಅನ್ನುವ ಇನ್ನೊಂದು ಫಾರ್ಮು ನೇರವಾಗಿ ಕೇಳುವುದೇ ಅದನ್ನು: ಹತ್ತು ವರ್ಷದ ಹಿಂದಕ್ಕೆ ಹೋಲಿಸಿದರೆ ಈಗ ಹೇಗೆ? ಮೂವತ್ತು ವರ್ಷ ಲೆಕ್ಕಪತ್ರ ಬರೆದವರು ಕೂಡುವುದರಲ್ಲಿ ತಪ್ಪಿದರೆ ಅದು ದೊಡ್ಡ ಸುದ್ದಿ. ಹಣ ಮುಟ್ಟದೇ ಬದುಕಿದವರು ತಪ್ಪಿದರೆ ಅದರಲ್ಲಿ ಹೊಸದೇನಿಲ್ಲ.

ಇನ್ನೂ ಒಂದು. 1969ರ ಫಾರ್ಮಿಗೆ ಎಟಿಎಂ ಪಿನ್ ಗೊತ್ತಿಲ್ಲ, ಸ್ಮಾರ್ಟ್‌ಫೋನ್ ಗೊತ್ತಿಲ್ಲ. 2012ರಲ್ಲಿ ಬಂದ ಆಮ್‌ಸ್ಟರ್‌ಡ್ಯಾಮ್ ಪಟ್ಟಿಯಲ್ಲಿ ಕಂಪ್ಯೂಟರು, ಮೊಬೈಲು ಎಲ್ಲ ಇದೆ. ಪ್ರಶ್ನೆ ಎಪ್ಪತ್ತು, ತಾಳ್ಮೆ ಬೇಕು. ಚಿಕ್ಕದೂ ಸಿಗುತ್ತದೆ.

ಮರೆಗುಳಿ

ನಾಲ್ಕು ದಿನದಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ನನಗೆ 69. ಹೋದ ವರ್ಷ ಎಂಸಿಐ ಅಂದರು. ಅಂದರೆ ನೀವೆಲ್ಲ ಫಾರ್ಮು ತುಂಬುತ್ತಿರುವುದು ನನ್ನಂಥವರ ಬಗ್ಗೆ.

ನಮ್ಮ ಮನೆಯವಳು ತುಂಬಿದಳು, ನಾನು ಪಕ್ಕದಲ್ಲೇ ಕೂತಿದ್ದೆ. ಡಾಕ್ಟರ್ ಅವಳನ್ನೇ ಕೇಳುತ್ತಿದ್ದರು, "ಇವರು ಬಿಲ್ ಕಟ್ಟುತ್ತಾರಾ?" ಅಂತ. ನಾನೇನು ಕುರ್ಚಿಯಾ? ಅವಳು "ಹೂಂ, ಕಟ್ಟುತ್ತಾರೆ" ಅಂದಳು. ಅದು ನಿಜ. ಆದರೆ ಮೊದಲು ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸ ಈಗ ಎರಡು ಗಂಟೆ ತೆಗೆದುಕೊಳ್ಳುತ್ತದೆ. ಕಟ್ಟಿದ ಮೇಲೆ ಮೂರು ಸಲ ತೆಗೆದು ನೋಡುತ್ತೇನೆ. ಅವತ್ತು ಮತ್ತೆ ಬೇರೇನೂ ಮಾಡಲು ಆಗುವುದಿಲ್ಲ. ಇದನ್ನು ಬರೆಯಲು ಫಾರ್ಮಿನಲ್ಲಿ ಜಾಗ ಎಲ್ಲಿದೆ? ಅವಳಿಗೂ ಗೊತ್ತಿರಲಿಲ್ಲ, ಯಾಕೆಂದರೆ ನಾನು ಬಾಗಿಲು ಹಾಕಿಕೊಂಡು ಮಾಡುತ್ತೇನೆ.

ಒಂದು ಪ್ರಶ್ನೆ. ನಾನು ಎಲ್ಲದಕ್ಕೂ ಚೀಟಿ ಬರೆದಿಟ್ಟುಕೊಳ್ಳುತ್ತೇನೆ. ಬಾಗಿಲಿಗೆ ಒಂದು, ಸ್ಟವ್ ಹತ್ತಿರ ಒಂದು. ಚೀಟಿ ನೋಡಿ ಮಾಡಿದರೆ ಅದು ಸ್ವಂತ ಮಾಡಿದ ಹಾಗಾ, ಅಥವಾ ಮೋಸವಾ?

ಕೈಕೆಲಸ

ಸರ್, ಬರೆದಿದ್ದು ಬಹಳ ಒಳ್ಳೆಯದಾಯಿತು. ಮೋಸ ಅಲ್ಲವೇ ಅಲ್ಲ. ಚೀಟಿ ನೀವೇ ಬರೆದು, ನೀವೇ ನೆನಪಾಗಿ ನೋಡಿ, ನೀವೇ ಮಾಡಿದರೆ ನನ್ನ ಪುಸ್ತಕದಲ್ಲಿ ಅದು ಪೂರಾ ಸ್ವಂತ. "ಚೀಟಿ ನೋಡಿ" ಅಂತ ಇನ್ನೊಬ್ಬರು ಹೇಳಬೇಕಾದ ದಿನ ಅದು ನೆನಪಿಸುವ ಸಹಾಯ ಆಗುತ್ತದೆ. ಎರಡು ಗಂಟೆಯ ವಿಷಯ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಎಂಸಿಐಯಲ್ಲಿ ಮೊದಲು ಕಾಣುವುದೇ ಅದು: ಕೆಲಸ ಆಗುತ್ತದೆ, ಆದರೆ ನಿಧಾನ, ಜಾಸ್ತಿ ಶ್ರಮ, ಮಧ್ಯೆ ತಪ್ಪು ತಿದ್ದಿಕೊಳ್ಳುವುದು.

ಕುರ್ಚಿಯ ಮಾತು ಮನಸ್ಸಿಗೆ ತಾಗಿತು. ನಾನೂ ಹಾಗೆ ಕೇಳಿದ್ದೇನೆ.

ಬೆಳಗಿನ ಪಾಳಿ

ಹನ್ನೊಂದು ವರ್ಷದಿಂದ ಮನೆಮನೆಗೆ ಹೋಗಿ ಹಿರಿಯರನ್ನು ನೋಡಿಕೊಳ್ಳುವ ಕೆಲಸ ನನ್ನದು. ಕಿರಿಮಗ ಅವರೇ, ನೀವು ಸಂಜೆ ಹೋಗುತ್ತೀರಿ. ಅಕ್ಕ ಬೆಳಗ್ಗೆ ಹತ್ತಕ್ಕೆ ಮಾತಾಡುತ್ತಾರೆ. ಇಬ್ಬರೂ ನೋಡುತ್ತಿರುವುದು ಬೇರೆ ಬೇರೆ ಅಮ್ಮನನ್ನು. ಮರೆವು ಇರುವ ತುಂಬಾ ಜನ ಹೊತ್ತು ಇಳಿಯುತ್ತಿದ್ದ ಹಾಗೆ ಮಂಕಾಗುತ್ತಾರೆ, ಗಲಿಬಿಲಿ ಜಾಸ್ತಿ. ಒಂದು ರಜೆ ಹಾಕಿ ಬೆಳಗ್ಗೆ ಏಳಕ್ಕೆ ಹೋಗಿ ನೋಡಿ.

ಮತ್ತೆ, ಆಗುತ್ತಿಲ್ಲ ಅಂದ ಕೂಡಲೇ ಮರೆವಿನ ಮೇಲೆ ಹಾಕಬೇಡಿ. ಒಬ್ಬ ಅಜ್ಜಿ ಸ್ನಾನ ಬೇಡ ಅಂತ ರಂಪ ಮಾಡುತ್ತಿದ್ದರು. ಮಕ್ಕಳು ಕಾಯಿಲೆ ಜಾಸ್ತಿಯಾಯಿತು ಅಂದರು. ನೋಡಿದರೆ ನೆಲ ಜಾರುತ್ತಿತ್ತು, ಅಜ್ಜಿಗೆ ಹೆದರಿಕೆ. ಹಿಡಿದುಕೊಳ್ಳಲು ಕಂಬಿ ಹಾಕಿಸಿದ ಮೇಲೆ ಸುಮ್ಮನಾದರು. ಮೊಣಕಾಲು ನೋವು, ಕನ್ನಡಕದ ನಂಬರು, ಕಿವಿ ಕೇಳಿಸದಿರುವುದು, ನಿದ್ದೆ ಮಾತ್ರೆ, ಇವೆಲ್ಲ ಫಾರ್ಮಿನ ಮೇಲೆ ಮರೆವಿನ ವೇಷದಲ್ಲೇ ಬರುತ್ತವೆ.

ಮುಖ್ಯವಾದದ್ದು: ಎರಡು ಮೂರು ದಿನದಲ್ಲಿ ದಿಢೀರ್ ಅಂತ ಎಲ್ಲಾ ಕೆಟ್ಟರೆ ಫಾರ್ಮು ಹಿಡಿದು ಕೂರಬೇಡಿ. ಮೂತ್ರದ ಸೋಂಕೋ, ಹೊಸ ಔಷಧಿಯೋ, ಮೈಯಲ್ಲಿ ನೀರು ಕಡಿಮೆಯಾಗಿರುವುದೋ ಇರಬಹುದು. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ದೂರದ ಮಗಳು

ಮಧ್ಯೆ ಬಂದೆ, ಕ್ಷಮಿಸಿ. ಅಪ್ಪ ಈಗಲೂ ಕಾರು ಓಡಿಸುತ್ತಾರೆ. ಅದಕ್ಕೂ ಇಂಥ ಫಾರ್ಮು ಇದೆಯಾ?

ಕೈಕೆಲಸ

ಫಾರ್ಮಿನ ಮೇಲೆ ತೀರ್ಮಾನ ಮಾಡಬೇಡಿ. ತಜ್ಞರು ಪಕ್ಕದಲ್ಲಿ ಕೂತು ರಸ್ತೆಯ ಮೇಲೇ ನೋಡಬೇಕು. ಅಲ್ಲಿಯವರೆಗೆ ಬೀಗದ ಕೈ ನಿಮ್ಮ ತಮ್ಮನ ಹತ್ತಿರ ಇರಲಿ. ಏಳು ಪಟ್ಟಿ ಮಾತ್ರೆಯ ಕಥೆ ಕೇಳಿದ ಮೇಲೆ ಹೇಳುತ್ತಿದ್ದೇನೆ.

ಕಿರಿಮಗ

ಎರಡು ವಾರ ಆಯಿತು, ಬರೆಯಲು ತಡ ಮಾಡಿದೆ.

ಮೂರು ದಿನ ರಜೆ ಹಾಕಿ ಅಮ್ಮನ ಮನೆಯಲ್ಲೇ ಇದ್ದೆ. ಬೆಳಗಿನ ಪಾಳಿಯವರು ಹೇಳಿದ್ದು ಅಕ್ಷರಶಃ ನಿಜ. ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ನಾನು ಹತ್ತು ವರ್ಷದ ಹಿಂದಿನ ಅಮ್ಮನನ್ನು ನೋಡಿದೆ. ಅಡುಗೆ, ಗುಡಿಸುವುದು, ಗಿಡಕ್ಕೆ ನೀರು, ಒಂದರ ಹಿಂದೆ ಒಂದು. ಕೈಗೇ ಎಲ್ಲ ಗೊತ್ತಿದೆ, ತಲೆಯನ್ನು ಕೇಳುವುದೇ ಇಲ್ಲ.

ಬಿಲ್ಲಿನದು ಮಾತ್ರ ಬೇರೆ. ಸುಮ್ಮನೆ ಕೂತು ನೋಡಿದೆ, ಬಾಯಿ ಬಿಡಲಿಲ್ಲ (ಎಷ್ಟು ಕಷ್ಟ ಅದು!). ಅಮ್ಮ ಬಿಲ್ ತೆಗೆದಳು. ಕನ್ನಡಕ ಹಾಕಿಕೊಂಡಳು. ಓದಿದಳು. "ಕರೆಂಟಿಂದು, ಹದಿನೆಂಟರೊಳಗೆ ಕಟ್ಟಬೇಕು" ಅಂತ ನನಗೇ ಹೇಳಿದಳು. ಮಡಚಿದಳು. ಮತ್ತೆ ಡ್ರಾಯರಿನಲ್ಲಿ ಇಟ್ಟಳು. ಎರಡು ದಿನದಲ್ಲಿ ನಾಲ್ಕು ಸಲ ಹೀಗೇ ಆಯಿತು. ಐದನೇ ಸಲ ಫೋನ್ ತೆಗೆದು ಅವಳ ಕೈಗೆ ಕೊಟ್ಟೆ, ಬೇರೇನೂ ಹೇಳಲಿಲ್ಲ. ಆರು ನಿಮಿಷದಲ್ಲಿ ಕಟ್ಟಿ ಮುಗಿಸಿದಳು. ಮೊತ್ತ ಸರಿ, ಪಾಸ್‌ವರ್ಡ್ ಸರಿ. ಇದಕ್ಕೆ ಸೊನ್ನೆ ಹಾಕಲೋ ಒಂದು ಹಾಕಲೋ?

ಕೈಕೆಲಸ

ಇದನ್ನು ಹಾಗೇ ಬರೆದುಕೊಡಿ, ಒಂದು ಅಕ್ಷರ ಬದಲಿಸದೆ. ಅಮ್ಮನಿಗೆ ಕಟ್ಟಲು ಬರುತ್ತದೆ. ಶುರು ಮಾಡಲು ಆಗುತ್ತಿಲ್ಲ. ಕೆಲಸವನ್ನು ಹೀಗೆ ಬಿಡಿಸಿ ನೋಡುವ ಪಟ್ಟಿಯೇ ಇದೆ. ಡಿಎಡಿ ಅಂತ, 1999ರದ್ದು, 40 ಪ್ರಶ್ನೆ. ತಾವಾಗಿ ಶುರು ಮಾಡಿದರಾ, ಹಂತಗಳನ್ನು ಹೊಂದಿಸಿಕೊಂಡರಾ, ಸರಿಯಾಗಿ ಮುಗಿಸಿದರಾ ಅಂತ ಬೇರೆ ಬೇರೆ ಕೇಳುತ್ತದೆ. ಮುಗಿಸಲು ಬಾರದವರಿಗೆ ಬೇರೆಯವರು ಬಿಲ್ ಕಟ್ಟಬೇಕು. ಶುರು ಮಾಡಲು ಆಗದವರಿಗೆ ಹತ್ತನೇ ತಾರೀಖಿನ ಬೆಳಗ್ಗೆ ಒಂದು ಅಲಾರಂ, ಕೈಗೆ ಫೋನು, ಅಷ್ಟು ಸಾಕಾಗಬಹುದು. ನೀವು ಸೊನ್ನೆ ಹಾಕಿ ಬಿಲ್ಲನ್ನು ನಿಮ್ಮ ಕೈಗೆ ತೆಗೆದುಕೊಂಡಿದ್ದರೆ, ಆರು ತಿಂಗಳಲ್ಲಿ ಅಮ್ಮ ಕಟ್ಟುವುದನ್ನೂ ಬಿಟ್ಟುಬಿಡುತ್ತಿದ್ದರು.

ಶುರು ಮಾಡಲು ಆಗದಿರುವುದು ಖಿನ್ನತೆಯಲ್ಲೂ ಇರುತ್ತದೆ. ಅದನ್ನೂ ಡಾಕ್ಟರಿಗೆ ಕೇಳಿ.

ಲೆಕ್ಕದ ಮೇಷ್ಟ್ರು

ಹಾಗಾದರೆ ಅಂಕವೇ ಬೇಡವಾ? ನನಗೆ ಹೊಟ್ಟೆ ಉರಿಯುತ್ತಿದೆ.

ಕೈಕೆಲಸ

ಬೇಕು ಮೇಷ್ಟ್ರೇ. ಆರು ತಿಂಗಳ ನಂತರ ಹೋಲಿಸಲು ಬೇಕೇ ಬೇಕು. ಅದೇ ಫಾರ್ಮು, ಅದೇ ಜನ, ಸಾಧ್ಯವಾದರೆ ಅದೇ ಹೊತ್ತು. ಒಂದು ಸಲ ಮಗ, ಇನ್ನೊಂದು ಸಲ ಮಗಳು ತುಂಬಿದರೆ ಬದಲಾಗಿದ್ದು ಅಮ್ಮನೋ ಪೆನ್ನೋ ಗೊತ್ತಾಗುವುದಿಲ್ಲ.

ಮರೆಗುಳಿ

ಕಿರಿಮಗ, ಫಾರ್ಮನ್ನು ನಿಮ್ಮ ತಾಯಿಗೆ ತೋರಿಸಿದಿರಾ?

ಕಿರಿಮಗ

ನಿಮ್ಮ ಮಾತು ಓದಿದ ಮೇಲೆ ತೋರಿಸಿದೆ ಸರ್. ಮೊದಲು ಧೈರ್ಯ ಇರಲಿಲ್ಲ.

ಅಕ್ಕ ಬಂದಿದ್ದಾಳೆ, ಒಂದು ವಾರ ಇರುತ್ತಾಳೆ. ಮೂರನೇ ಸಂಜೆ ಅವಳೇ "ಇದನ್ನೆಲ್ಲ ನಾನು ನೋಡೇ ಇರಲಿಲ್ಲ" ಅಂದಳು. ಇಬ್ಬರೂ ಕೂತು ಹೊಸದಾಗಿ ತುಂಬಿದೆವು, ಪಕ್ಕದಲ್ಲಿ ಪೆನ್ಸಿಲ್ ಟಿಪ್ಪಣಿ ಸಮೇತ. ಡಾಕ್ಟರ್ ಥೈರಾಯ್ಡ್, ಬಿ12 ರಕ್ತಪರೀಕ್ಷೆ ಬರೆದುಕೊಟ್ಟಿದ್ದಾರೆ, ಕಿವಿಯದ್ದೂ ಆಗಬೇಕು. ಹೋದ ಸಲ ಅದನ್ನೆಲ್ಲ ಕೇಳಲು ನನಗೆ ತೋಚಿರಲಿಲ್ಲ.

ಅಮ್ಮ ಫಾರ್ಮನ್ನು ಕಿಟಕಿಯ ಹತ್ತಿರ ಹಿಡಿದು ಮೇಲಿನಿಂದ ಕೆಳಗಿನವರೆಗೆ ಓದಿದಳು. ಮಾತ್ರೆಯ ಸೊನ್ನೆ ನೋಡಿ ಏನೂ ಹೇಳಲಿಲ್ಲ. ಬಿಲ್ಲಿನ ಟಿಪ್ಪಣಿ ಎರಡು ಸಲ ಓದಿದಳು. ಬಟ್ಟೆ ಒಗೆಯುವುದರ ಎದುರು ಇದ್ದ ಸೊನ್ನೆಗೆ ಬಂದಾಗ ಅಕ್ಕನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ಅದನ್ನು ಹೊಡೆದು ಹಾಕಿದಳು.

"ಮಷೀನ್ ಕೆಟ್ಟು ಮೂರು ವಾರ ಆಯ್ತು. ನಿನಗೆ ಎರಡು ಸಲ ಹೇಳಿದೀನಿ. ಮರೆತಿದ್ದು ಯಾರು?"

ಹೋಗಿ ಸ್ವಿಚ್ ಹಾಕಿ ನೋಡಿದೆ. ಕೆಟ್ಟಿತ್ತು.